ಮನೆಪಟ್ಟಿಯಿಂದ 120 ಮನೆಗಳನ್ನು ಪಕ್ಷಪಾತವಿಲ್ಲದೆ ಆರಿಸುವುದು ಹೇಗೆ? ಕೊಡಗಿನಿಂದ ಕೆಲವು ಅನುಭವಗಳು

ಕೇಳಿದವರು: ಸಮಾಜಕಾರ್ಯ ಸ್ನಾತಕೋತ್ತರ ವಿದ್ಯಾರ್ಥಿನಿ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬೇಸಿಗೆಯ ಕುಡಿಯುವ ನೀರಿನ ಬಗ್ಗೆ ಕಿರುಸಂಶೋಧನೆ ಮಾಡುತ್ತಿದ್ದೇನೆ. ಮನೆಗೆ ನಲ್ಲಿ ಬಂದಿದೆಯೇ, ಬಂದಿದ್ದರೆ ಮಾರ್ಚ್‌ನಿಂದ ಮೇ ತನಕ ಅದರಲ್ಲಿ ನೀರು ಬರುತ್ತದೆಯೇ, ಬಾವಿ ಬತ್ತಿದಾಗ ಎಲ್ಲಿಂದ ಹೊತ್ತು ತರುತ್ತಾರೆ, ಯಾರು ಹೊರುತ್ತಾರೆ ಎಂಬುದಷ್ಟೇ ಪ್ರಶ್ನೆಗಳು.

ಮನೆ ಕಂದಾಯದ ಪಟ್ಟಿ ಎಕ್ಸೆಲ್ ಕಡತವಾಗಿ ಸಿಕ್ಕಿದೆ. 1,184 ಸಾಲುಗಳಿವೆ. ಅದರಿಂದ 120 ಮನೆಗಳನ್ನು ಆರಿಸಬೇಕು. ರ‍್ಯಾಂಡ್‌ಬಿಟ್ವೀನ್ ಸೂತ್ರ ಹಾಕಿ 1ರಿಂದ 1,184ರ ನಡುವೆ 120 ಸಂಖ್ಯೆ ತೆಗೆದೆ. ಆರು ಸಂಖ್ಯೆಗಳು ಎರಡೆರಡು ಸಲ ಬಂದವು. ಅವುಗಳಲ್ಲಿ ಒಂದನ್ನು ಅಳಿಸಿದ ಕೂಡಲೇ ಉಳಿದ ಸಂಖ್ಯೆಗಳೆಲ್ಲ ಬದಲಾಗಿಬಿಟ್ಟವು. ಹೊಸದಾಗಿ ಬಂದದ್ದರಲ್ಲಿ ಒಂದೇ ಬೀದಿಯ ನಾಲ್ಕು ಮನೆಗಳು ಅಕ್ಕಪಕ್ಕದವು, ಬೆಟ್ಟದ ಕಡೆಯ ಊರಿನದು ಒಂದೂ ಇಲ್ಲ. ಇದನ್ನು ಯಾದೃಚ್ಛಿಕ, ಅಂದರೆ ಯಾರ ಇಷ್ಟಕ್ಕೂ ಒಳಪಡದ ಆಯ್ಕೆ, ಎನ್ನಬಹುದೇ? ಎಲ್ಲ ಊರುಗಳೂ ಬರುವ ತನಕ ಮತ್ತೆ ಮತ್ತೆ ತೆಗೆಯಬಹುದೇ? ಮೌಖಿಕ ಪರೀಕ್ಷೆಯಲ್ಲಿ ‘ಈ ಮನೆಗಳನ್ನೇ ಏಕೆ ಆರಿಸಿದಿರಿ’ ಎಂದು ಕೇಳಿದರೆ ಏನು ತೋರಿಸಲಿ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಸಮೀಕ್ಷೆಯ ಕೆಲಸದಿಂದ ನಿವೃತ್ತರಾದವರು, ಮಡಿಕೇರಿ

ನೋಡಮ್ಮ, ಗಣಕದ ಭಾಗ ಐದು ನಿಮಿಷದ್ದು. ಅದನ್ನು ಮೊದಲು ಮುಗಿಸಿಬಿಡೋಣ. ಪಟ್ಟಿಯದು ಐದು ದಿನದ ಕೆಲಸ. ಅದಕ್ಕೆ ಆಮೇಲೆ ಬರುತ್ತೇನೆ.

ರ‍್ಯಾಂಡ್‌ಬಿಟ್ವೀನ್ ಪ್ರತಿ ಸಲವೂ ತೆಗೆದ ಚೀಟಿಯನ್ನು ಚೀಲಕ್ಕೆ ಹಿಂದಕ್ಕೆ ಹಾಕಿ ಇನ್ನೊಂದನ್ನು ತೆಗೆಯುತ್ತದೆ. 1,184ರಲ್ಲಿ 120 ಸಲ ಹಾಗೆ ತೆಗೆದರೆ ಸರಾಸರಿ ಆರು ಜೋಡಿ ಬರುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಗಣಕದಲ್ಲಿ ದೋಷವಿಲ್ಲ. ನಿಮ್ಮ ಕೆಲಸಕ್ಕೆ ಬೇಕಾದದ್ದು ಬೇರೆ ಸೂತ್ರ. ಪಟ್ಟಿಯ ಒಂದು ಪ್ರತಿ ಮಾಡಿಕೊಂಡು, ಮೂಲ ಕಡತವನ್ನು ಮುಟ್ಟದೆ ಬದಿಗಿಡಿ. ಪ್ರತಿಯಲ್ಲಿ ಮೊದಲ ಕಾಲಂಗೆ 1ರಿಂದ ಕೊನೆಯ ತನಕ ಕ್ರಮಸಂಖ್ಯೆ ಹಾಕಿ. ಇದನ್ನು ಸೂತ್ರದಿಂದ ಹಾಕದೆ ನೇರ ಸಂಖ್ಯೆಯಾಗಿ ಹಾಕಿ, ಆಗ ಏನು ಕಲಸಿಹೋದರೂ ಮೊದಲಿನ ಕ್ರಮಕ್ಕೆ ಹಿಂತಿರುಗಬಹುದು. ಕೊನೆಯ ಕಾಲಂನಲ್ಲಿ, ನಡುವೆ ಖಾಲಿ ಕಾಲಂ ಬಿಡದೆ, ರ‍್ಯಾಂಡ್ ಸೂತ್ರ ಬರೆಯಿರಿ: ಸಮ ಚಿಹ್ನೆ, ಆರ್ ಎ ಎನ್ ಡಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ತೆರೆದು ಮುಚ್ಚಿದ ಖಾಲಿ ಆವರಣ. ಸೊನ್ನೆಗೂ ಒಂದಕ್ಕೂ ನಡುವಿನ ಒಂದು ದಶಮಾಂಶ ಸಂಖ್ಯೆ ಬರುತ್ತದೆ. ಅದನ್ನು ಕೊನೆಯ ಸಾಲಿನ ತನಕ ಎಳೆಯಿರಿ. ಪಕ್ಕದ ಕಾಲಂನಲ್ಲಿ ಎಲ್ಲಾದರೂ ಖಾಲಿ ಕೋಶವಿದ್ದರೆ ಎಳೆತ ಅರ್ಧದಲ್ಲೇ ನಿಲ್ಲುವುದುಂಟು. ಆದ್ದರಿಂದ ಕೆಳಗಿನ ತನಕ ಹೋಗಿ ಕಣ್ಣಾರೆ ನೋಡಿ.

ಈಗ ಆ ಇಡೀ ಕಾಲಂ ಅನ್ನು ನಕಲು ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ಗೆ ಹೋಗಿ ವ್ಯಾಲ್ಯೂಸ್ ಎಂದು ಅಂಟಿಸಿ. ಸೂತ್ರ ಹೋಗಿ ಬರೀ ಸಂಖ್ಯೆ ಉಳಿಯುತ್ತದೆ. ಈ ಒಂದು ಹೆಜ್ಜೆಯನ್ನು ಬಿಟ್ಟದ್ದರಿಂದಲೇ ನಿಮ್ಮ ಸಂಖ್ಯೆಗಳು ಓಡಾಡಿದವು. ಹಾಳೆಯಲ್ಲಿ ಎಲ್ಲೇ ಒಂದು ಅಕ್ಷರ ಒತ್ತಿದರೂ ಈ ಸೂತ್ರ ಹೊಸ ಸಂಖ್ಯೆ ಹುಟ್ಟಿಸುತ್ತದೆ, ಕಡತ ಮುಚ್ಚಿ ತೆರೆದರೂ ಹುಟ್ಟಿಸುತ್ತದೆ.

ಇದರಿಂದ ನಮಗೆ ಆದ ನಷ್ಟವನ್ನು ಹೇಳುತ್ತೇನೆ. ಜುಲೈ ತಿಂಗಳು, ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಅದಕ್ಕೂ ಮುಂಚಿನ ಸಂಜೆ ಮುದ್ರಿಸಿದ ನೂರು ಮನೆಗಳ ಪಟ್ಟಿ ಹಿಡಿದು ಇಬ್ಬರು ಹುಡುಗರು ಕೊಡೆ ಹಿಡಿದುಕೊಂಡು ಊರು ಸುತ್ತುತ್ತಿದ್ದರು. ಕರೆಂಟ್ ಬಂದ ಮೇಲೆ ದಾಖಲೆಗೆಂದು ಇನ್ನೊಂದು ಪ್ರತಿ ಮುದ್ರಿಸಿದೆ. ನನ್ನ ಹಾಳೆಯಲ್ಲಿ ರ‍್ಯಾಂಡ್ ಸಂಖ್ಯೆಗೆ ದರ್ಜೆ ಹಾಕಿ ಮೊದಲ ನೂರನ್ನು ತೋರಿಸುವ ಸೂತ್ರವಿತ್ತು. ತೆರೆದ ಕ್ಷಣದಲ್ಲೇ ಅದು ಬೇರೆ ನೂರು ಮನೆಗಳನ್ನು ಆರಿಸಿಕೊಂಡಿದೆ ಎಂಬುದು ನನಗೆ ಹೊಳೆಯಲಿಲ್ಲ. ವಾರದ ನಂತರ ತುಂಬಿದ ನಮೂನೆಗಳನ್ನು ಪಟ್ಟಿಗೆ ಹೊಂದಿಸಲು ಕುಳಿತಾಗ ಹೊಂದಿದ್ದು ಕೈಬೆರಳೆಣಿಕೆಯಷ್ಟು. ಹುಡುಗರು ಸುಳ್ಳು ಮನೆಗಳನ್ನು ಬರೆದಿದ್ದಾರೆಂದು ನಾನು ಅನುಮಾನಪಟ್ಟೆ. ಒದ್ದೆಯಾಗಿ ಮಡಿಕೆ ಹರಿದಿದ್ದ ಅವರ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಾಗಲೇ ತಪ್ಪು ನನ್ನದೆಂದು ತಿಳಿದದ್ದು. ಅಂದಿನಿಂದ ಸಂಖ್ಯೆಗಳನ್ನು ಮೊದಲು ಗಟ್ಟಿ ಮಾಡುತ್ತೇನೆ, ದಿನಾಂಕ ಹಾಕಿ ಮುದ್ರಿಸುತ್ತೇನೆ, ಆಮೇಲೆಯೇ ಬೇರೆ ಕೆಲಸ.

ಸಂಖ್ಯೆ ಗಟ್ಟಿಯಾದ ಮೇಲೆ ಇಡೀ ಪಟ್ಟಿಯನ್ನು ಆ ಕಾಲಂ ಪ್ರಕಾರ ಸಾರ್ಟ್ ಮಾಡಿ. ‘ಆಯ್ದ ಭಾಗವನ್ನು ವಿಸ್ತರಿಸಬೇಕೇ’ ಎಂದು ಎಕ್ಸೆಲ್ ಕೇಳಿದರೆ ಹೌದು ಎನ್ನಿ. ಇಲ್ಲವೆಂದರೆ ಆ ಒಂದು ಕಾಲಂ ಮಾತ್ರ ಕದಲಿ ಮನೆಗಳು ಇದ್ದಲ್ಲೇ ಇರುತ್ತವೆ. ಫಿಲ್ಟರ್ ಹಾಕಿದ್ದರೆ ತೆಗೆಯಿರಿ, ಮರೆಯಲ್ಲಿರುವ ಸಾಲುಗಳು ಸಾರ್ಟ್‌ಗೆ ಸಿಗುವುದಿಲ್ಲ. ಮೇಲಿನ 120 ಸಾಲುಗಳು ನಿಮ್ಮ ಮಾದರಿ. ಅದರ ಕೆಳಗಿನ 40 ಸಾಲುಗಳನ್ನು ಅದೇ ಕ್ರಮದಲ್ಲಿ ಮೀಸಲು ಎಂದು ಗುರುತು ಮಾಡಿಕೊಳ್ಳಿ. ಮೌಖಿಕ ಪರೀಕ್ಷೆಯಲ್ಲಿ ತೋರಿಸಬೇಕಾದದ್ದು ಈ ಕಡತವನ್ನೇ: ಎಲ್ಲ ಮನೆಗಳೂ ಇರುವ, ಪ್ರತಿ ಮನೆಯ ಮುಂದೆ ಗಟ್ಟಿಯಾದ ಸಂಖ್ಯೆಯಿರುವ ಹಾಳೆ. 120 ಮನೆಗಳ ಹೆಸರು ಮಾತ್ರ ಇರುವ ಹಾಳೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಅಕ್ಕಪಕ್ಕದ ನಾಲ್ಕು ಮನೆ ಬಂದದ್ದರಿಂದ ಅದು ಯಾದೃಚ್ಛಿಕವಲ್ಲ ಎನ್ನಬೇಡಿ. ತೋಟದಲ್ಲಿ ಮೊದಲ ಮಳೆಯ ಹನಿ ಒಣಗಿದೆಲೆಯ ಮೇಲೆ ಬೀಳುವುದನ್ನು ಗಮನಿಸಿದ್ದೀರಾ? ಒಂದೆಡೆ ಗುಂಪಾಗಿ ಬೀಳುತ್ತದೆ, ಇನ್ನೊಂದೆಡೆ ಅಂಗೈಯಗಲ ಒಣಗಿಯೇ ಇರುತ್ತದೆ. ಸಮಾನ ಅಂತರದಲ್ಲಿ ಬಿದ್ದಿದ್ದರೆ ಅದು ಯಾರೋ ಜೋಡಿಸಿಟ್ಟದ್ದು. ಮನಸ್ಸಿಗೆ ಒಪ್ಪುವ ತನಕ ಮತ್ತೆ ಮತ್ತೆ ತೆಗೆಯುವುದೂ ಅಂತಹ ಜೋಡಣೆಯೇ. ಆಗ ಆರಿಸಿದ್ದು ನೀವೇ ಹೊರತು ಸೂತ್ರವಲ್ಲ. ಒಮ್ಮೆ ತೆಗೆಯಿರಿ, ಬಂದದ್ದನ್ನು ಒಪ್ಪಿಕೊಳ್ಳಿ.

ಆದರೆ ಬೆಟ್ಟದ ಕಡೆಯ ಊರು ಬರಲೇಬೇಕು ಎಂಬ ನಿಮ್ಮ ಕಾಳಜಿ ಸರಿಯಾದದ್ದು. ಅದನ್ನು ತೆಗೆಯುವ ಮೊದಲೇ ನಿಯಮವಾಗಿ ಬರೆದಿಡಬೇಕು. ಪಟ್ಟಿಯನ್ನು ಭಾಗ ಮಾಡಿ, ಪ್ರತಿ ಭಾಗದಿಂದ ಅದರ ಗಾತ್ರಕ್ಕೆ ತಕ್ಕಷ್ಟು ಮನೆಗಳನ್ನು ಬೇರೆ ಬೇರೆಯಾಗಿ ತೆಗೆಯಿರಿ. ಇದನ್ನು ಸ್ತರೀಕೃತ ಮಾದರಿ ಎನ್ನುತ್ತಾರೆ. ಸ್ಪ್ರೆಡ್‌ಶೀಟ್‌ನಲ್ಲಿ ಹೆಚ್ಚಿನ ಕೆಲಸವೇನಿಲ್ಲ: ಮೊದಲು ಭಾಗದ ಕಾಲಂ, ಆಮೇಲೆ ರ‍್ಯಾಂಡ್ ಕಾಲಂ ಎಂದು ಎರಡು ಹಂತದ ಸಾರ್ಟ್ ಕೊಟ್ಟರೆ ಪ್ರತಿ ಭಾಗವೂ ತನ್ನೊಳಗೆ ಕಲಸಿಕೊಂಡು ನಿಲ್ಲುತ್ತದೆ.

ಈಗ ಪಟ್ಟಿಗೆ ಬರುತ್ತೇನೆ. ಮನೆ ಕಂದಾಯದ ಪಟ್ಟಿ ಎಂದರೆ ಕಂದಾಯ ಕಟ್ಟುವ ಕಟ್ಟಡಗಳ ಪಟ್ಟಿ. ಅದರಲ್ಲಿ ಅಂಗಡಿ ಇರುತ್ತದೆ, ಗೋದಾಮು ಇರುತ್ತದೆ, ಬೆಂಗಳೂರಿನಲ್ಲಿರುವವರ ಬೀಗ ಹಾಕಿದ ಮನೆ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಬಿಟ್ಟುಹೋದ ಮನೆಗಳು ಎಷ್ಟೋ ಕಾಲ ಒಂದು ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದನ್ನು ನಾನು ನೋಡಿದ್ದೇನೆ. ಪೊನ್ನಂಪೇಟೆ, ಕುಶಾಲನಗರ ಬೇರೆ ತಾಲ್ಲೂಕುಗಳಾದ ಮೇಲೆ ಕೆಲವು ಪಟ್ಟಿಗಳಲ್ಲಿ ಒಂದೇ ಮನೆ ಹಳೆಯ ತಾಲ್ಲೂಕಿನ ಹೆಸರಿನಲ್ಲೊಮ್ಮೆ, ಹೊಸದರಲ್ಲೊಮ್ಮೆ ಕುಳಿತಿದೆ. ಎರಡು ಸಲ ಇರುವ ಮನೆಗೆ ಆಯ್ಕೆಯಾಗುವ ಅವಕಾಶವೂ ಎರಡು ಪಾಲು, ಪಟ್ಟಿಯಲ್ಲಿ ಇಲ್ಲದ ಮನೆಗೆ ಅವಕಾಶವೇ ಇಲ್ಲ. ಯಾವ ಸೂತ್ರವೂ ಇದನ್ನು ಸರಿಪಡಿಸದು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಸಿಬ್ಬಂದಿ ಆಯ್ದ ಹಳ್ಳಿಗೆ ಹೋದಾಗ ಮೊದಲು ಮಾಡುವ ಕೆಲಸ ಮನೆಗಳನ್ನು ತಾವೇ ಪಟ್ಟಿ ಮಾಡುವುದು, ಪ್ರಶ್ನೆಗಳ ಸರದಿ ಆಮೇಲಿನದು. ನಿಮಗೂ ಅಷ್ಟು ತಾಳ್ಮೆ ಬೇಕು.

ಹೆಸರು ನೋಡಿ ಜೋಡಿ ಹುಡುಕಬೇಡಿ. ನಮ್ಮ ಪಟ್ಟಿಗಳಲ್ಲಿ ಅರ್ಧ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ, ಅರ್ಧ ಯೂನಿಕೋಡ್‌ನಲ್ಲಿ ಇರುತ್ತದೆ. ಕಣ್ಣಿಗೆ ಒಂದೇ ಆದರೂ ಗಣಕಕ್ಕೆ ಬೇರೆ ಬೇರೆ. ಪೊನ್ನಪ್ಪ ಒಂದೆಡೆ ಪೊನ್ನಪ ಆಗಿರುತ್ತಾರೆ, ಇನ್ನೊಂದೆಡೆ ಹೆಸರಿನ ಕೊನೆಗೆ ಕಾಣದ ಒಂದು ಖಾಲಿ ಜಾಗವಿರುತ್ತದೆ. ಊರಿನ ಹೆಸರು ಮತ್ತು ಮನೆಯ ಸಂಖ್ಯೆ ಎರಡನ್ನೂ ಒಂದು ಕಾಲಂನಲ್ಲಿ ಸೇರಿಸಿ, ಅದರ ಮೇಲೆ ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟ್‌ಇಫ್ ಸೂತ್ರ ಹಾಕಿದರೆ ಒಂದಕ್ಕಿಂತ ಹೆಚ್ಚು ಸಲ ಬಂದವು ಎದ್ದು ಕಾಣುತ್ತವೆ.

ಪ್ರೌಢಶಾಲೆಯ ಗಣಿತ ಶಿಕ್ಷಕರು, ಕುಶಾಲನಗರ

ಎಕ್ಸೆಲ್ ಇಲ್ಲದವರಿಗೆ ಒಂದು ಮಾತು. ಗೂಗಲ್ ಶೀಟ್ಸ್‌ನಲ್ಲಿ ಸಾಲುಗಳನ್ನು ಆಯ್ದು ಡೇಟಾ ಮೆನುವಿನ ರ‍್ಯಾಂಡಮೈಸ್ ರೇಂಜ್ ಒತ್ತಿದರೆ ಕ್ಷಣದಲ್ಲಿ ಕಲಸುತ್ತದೆ. ತಲೆಬರಹದ ಸಾಲನ್ನು ಆಯ್ದುಕೊಳ್ಳಬೇಡಿ, ಅದೂ ಸೇರಿ ಕಲಸಿಹೋಗುತ್ತದೆ. ಸಂಖ್ಯೆಯ ಗುರುತು ಉಳಿಯುವುದಿಲ್ಲ ಎಂಬ ಕಾರಣಕ್ಕೆ ನಾನು ಇದನ್ನು ತರಗತಿಯಲ್ಲಿ ಮಾತ್ರ ಬಳಸುತ್ತೇನೆ, ಸಮೀಕ್ಷೆಗೆ ಬಳಸುವುದಿಲ್ಲ.

ಚೀಟಿ ಎತ್ತುವುದೇ ಎಲ್ಲಕ್ಕಿಂತ ಪ್ರಾಮಾಣಿಕ ಎಂದು ಬಹಳ ಜನ ನಂಬುತ್ತಾರೆ. ನಾನೂ ನಂಬಿದ್ದೆ. ಒಂದು ವರ್ಷ ಮಕ್ಕಳ ಹಾಜರಿ ಸಂಖ್ಯೆ ಬರೆದ ಚೀಟಿಗಳನ್ನು ಕ್ರಮವಾಗಿ ಮಡಚಿ ಡಬ್ಬಕ್ಕೆ ಹಾಕಿ, ಎರಡು ಸಲ ಅಲ್ಲಾಡಿಸಿ ಎತ್ತಿಸಿದೆ. ಎತ್ತಿದ ಹತ್ತರಲ್ಲಿ ಎಂಟು ಕೊನೆಯ ಸಂಖ್ಯೆಗಳು. ಕೊನೆಗೆ ಹಾಕಿದ ಚೀಟಿ ಮೇಲೆಯೇ ಕುಳಿತಿತ್ತು. ಇದೇ ತಪ್ಪು ದೊಡ್ಡ ಪ್ರಮಾಣದಲ್ಲೂ ನಡೆದಿದೆ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಸೈನಿಕ ಸೇವೆಗೆ ಕರೆಯುವ ಸರದಿಯನ್ನು 366 ಜನ್ಮದಿನಾಂಕಗಳ ಚೀಟಿ ಎತ್ತಿ ನಿರ್ಧರಿಸಿದರು. ತಿಂಗಳ ಕ್ರಮದಲ್ಲಿ ಹಾಕಿದ, ಚೀಟಿಗಳಿದ್ದ ಗುಳಿಗೆಗಳು ಸರಿಯಾಗಿ ಬೆರೆಯದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಹೆಚ್ಚಾಗಿ ಮೊದಲು ಬಂತು. ಅಲ್ಲಿ ಅದು ಯಾರ ಮಗ ಯುದ್ಧಕ್ಕೆ ಹೋಗಬೇಕೆಂಬ ಪ್ರಶ್ನೆಯಾಗಿತ್ತು. ಕಲಸುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರಲು ಈ ಒಂದು ಪ್ರಸಂಗ ಸಾಕಾಯಿತು. ರ‍್ಯಾಂಡ್ ಸೂತ್ರ ಕೈಗಿಂತ ಚೆನ್ನಾಗಿ ಕಲಸುತ್ತದೆ.

120 ಮನೆ ಸಾಕೇ ಎಂದು ನೀವು ಕೇಳಲಿಲ್ಲ, ಪರೀಕ್ಷಕರು ಕೇಳುತ್ತಾರೆ. 1 ಅನ್ನು ಮಾದರಿಯ ಗಾತ್ರದ ವರ್ಗಮೂಲದಿಂದ ಭಾಗಿಸಿದರೆ ಉತ್ತರ ಎಷ್ಟು ಆಚೀಚೆಯಾಗಬಹುದೆಂಬ ಅಂದಾಜು ಸಿಗುತ್ತದೆ. 120ಕ್ಕೆ ಅದು ಸುಮಾರು ಶೇ. 9. ಅಂದರೆ ನಿಮ್ಮ ಮಾದರಿಯಲ್ಲಿ ಅರ್ಧದಷ್ಟು ಮನೆಗಳಿಗೆ ಬೇಸಿಗೆಯಲ್ಲಿ ನೀರಿಲ್ಲ ಎಂದು ಬಂದರೆ, ಇಡೀ ಪಂಚಾಯಿತಿಯಲ್ಲಿ ಅದು ಶೇ. 41ರಿಂದ 59ರ ನಡುವೆ ಎಲ್ಲೋ ಇದೆ ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. ಈ ಅಂತರವನ್ನು ಅರ್ಧಕ್ಕಿಳಿಸಲು 240 ಮನೆ ಸಾಲದು, 480 ಬೇಕು. ಒಬ್ಬರೇ ಓಡಾಡುವ ಕೆಲಸಕ್ಕೆ 120 ಒಳ್ಳೆಯ ಸಂಖ್ಯೆ.

ಕ್ಷೇತ್ರ ಕಾರ್ಯಕರ್ತೆ, ಸಿದ್ದಾಪುರ

ನಾನು ಹನ್ನೊಂದು ವರ್ಷಗಳಿಂದ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿ ಕುಟುಂಬಗಳಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಆರೋಗ್ಯದ ಕೆಲಸ ಮಾಡುತ್ತಿದ್ದೇನೆ. ಮೇಲಿನ ಹಿರಿಯರು ಹೇಳಿದ ಪಟ್ಟಿಯ ವಿಷಯವನ್ನು ಇನ್ನೂ ಒತ್ತಿ ಹೇಳಬೇಕೆನಿಸಿತು.

ತಂಗೀ, ನಿಮ್ಮ ಪಟ್ಟಿಯಲ್ಲಿ ಲೈನ್ ಮನೆಗಳು ಹೇಗಿವೆ ನೋಡಿ. ನಾನು ಕಂಡ ಪಟ್ಟಿಗಳಲ್ಲಿ ಒಂದು ತೋಟದ ಇಡೀ ಲೈನಿಗೆ ಒಂದೇ ಸಂಖ್ಯೆ, ಒಂದೇ ಸಾಲು, ಮುಂದೆ ಮಾಲೀಕರ ಹೆಸರು. ಅಲ್ಲಿ ಹತ್ತು ಬಾಗಿಲುಗಳಿರುತ್ತವೆ, ಹತ್ತು ಒಲೆ ಹೊತ್ತುತ್ತವೆ. ಆ ಸಂಖ್ಯೆ ಆಯ್ಕೆಯಾದರೆ ನೀವು ಮಾಲೀಕರ ಬಂಗಲೆಗೆ ಹೋಗಿ ನೀರಿನ ಬಗ್ಗೆ ಕೇಳುತ್ತೀರಿ. ಬೇಸಿಗೆಯಲ್ಲಿ ಕೊಡ ಹೊರುವವರು ನಿಮ್ಮ ಪುಸ್ತಕಕ್ಕೆ ಬರುವುದೇ ಇಲ್ಲ. ಮತದಾರರ ಪಟ್ಟಿಯಿಂದ ತೆಗೆಯುತ್ತೇನೆ ಎಂದು ಕೆಲವರು ಹೇಳುತ್ತಾರೆ. ಅಸ್ಸಾಮಿನಿಂದ, ತಮಿಳುನಾಡಿನಿಂದ ಕೆಲಸಕ್ಕೆ ಬಂದವರಲ್ಲಿ ಅನೇಕರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ. ಅದರಲ್ಲಿ ಇನ್ನೊಂದು ತೊಡಕೂ ಇದೆ. ಹೆಸರುಗಳನ್ನು ಆರಿಸಿ ಆ ಮನೆಗೆ ಹೋದರೆ ಎಂಟು ಮತದಾರರಿರುವ ಮನೆಗೆ, ಒಬ್ಬ ಅಜ್ಜಿಯಷ್ಟೇ ಇರುವ ಮನೆಗಿಂತ ಎಂಟು ಪಾಲು ಅವಕಾಶ ಸಿಗುತ್ತದೆ. ಒಂಟಿ ಅಜ್ಜಿಗೆ ನೀರಿನ ಕಷ್ಟ ಹೆಚ್ಚು ಅಲ್ಲವೇ?

ಆದ್ದರಿಂದ ಪ್ರತಿ ತೋಟಕ್ಕೂ ಒಮ್ಮೆ ಹೋಗಿ ಬಾಗಿಲುಗಳನ್ನು ಎಣಿಸಿ, ಒಂದೊಂದು ಬಾಗಿಲಿಗೂ ಒಂದೊಂದು ಸಾಲು ಸೇರಿಸಿ. ಮಾಲೀಕರಿಗೆ, ತೋಟದ ಲೆಕ್ಕ ನೋಡುವ ರೈಟರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ಹೆಚ್ಚಿನವರು ಸಹಕರಿಸುತ್ತಾರೆ. ಆದರೆ ಯಾವ ಮನೆಗೆ ಹೋಗಬೇಕೆಂಬುದನ್ನು ಅವರಿಗೆ ಬಿಡಬೇಡಿ. ‘ಬನ್ನಿ ಮೇಡಂ, ಚೆನ್ನಾಗಿ ಮಾತನಾಡುವವರ ಮನೆ ತೋರಿಸುತ್ತೇನೆ’ ಎಂದು ಪ್ರೀತಿಯಿಂದಲೇ ಕರೆದೊಯ್ಯುತ್ತಾರೆ.

ಪ್ರತಿ ಹತ್ತನೆಯ ಮನೆ ಎಂದು ತೆಗೆಯುವ ಕ್ರಮ ಸುಲಭವೆಂದು ನಿಮಗೂ ಯಾರಾದರೂ ಹೇಳಬಹುದು. ನಮ್ಮ ಒಂದು ಸಮೀಕ್ಷೆಯಲ್ಲಿ ಹಾಗೆಯೇ ಮಾಡಿದ್ದೆವು. ಆ ತೋಟದಲ್ಲಿ ಲೈನುಗಳು ಹತ್ತು ಹತ್ತು ಬಾಗಿಲಿನವು. ಪಟ್ಟಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೆವು. ಯಾದೃಚ್ಛಿಕವಾಗಿ ಬಂದ ಆರಂಭದ ಸಂಖ್ಯೆ 1. ಮೊದಲ ಲೈನಿನ ಮೊದಲ ಬಾಗಿಲು, ಎರಡನೆಯ ಲೈನಿನ ಮೊದಲ ಬಾಗಿಲು, ಹೀಗೆ ಎಲ್ಲ ಲೈನಿನದೂ ಮೊದಲ ಬಾಗಿಲೇ. ನೀರು ಎಷ್ಟು ದೂರ ಎಂದು ಕೇಳಿದರೆ ಎಲ್ಲರೂ ಬೆರಳು ಮಾಡಿದ್ದು ಹೊಸ್ತಿಲ ಪಕ್ಕದ ನಲ್ಲಿಗೆ. ಮೇಸ್ತ್ರಿಯ ಮನೆ ಲೈನಿನ ತಲೆಯಲ್ಲಿ, ನಲ್ಲಿಯೂ ಅಲ್ಲೇ. ನಾಲ್ಕನೆಯ ಲೈನಿನಲ್ಲಿ ನಾನು ನಮೂನೆ ಬರೆಯುತ್ತಿದ್ದಾಗ ಒಬ್ಬ ಹುಡುಗಿ ನೀಲಿ ಡಬ್ಬ ಹೊತ್ತು ನಮ್ಮ ಮುಂದಿನಿಂದ ಹಾದುಹೋದಳು. ನೀರು ತುಳುಕಿ ಅವಳ ದಾವಣಿಯ ಒಂದು ಬದಿ ಒದ್ದೆಯಾಗಿತ್ತು. ಕೊನೆಯ ಬಾಗಿಲಿನ ತನಕ ಅವಳು ಎರಡು ಸಲ ಡಬ್ಬ ಇಳಿಸಿ ಕೈ ಬದಲಿಸಿದಳು. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಬಾಗಿಲು ಇರಲಿಲ್ಲ, ಅಂತಹ ಯಾವ ಬಾಗಿಲೂ ಇರಲಿಲ್ಲ. ಮರುದಿನ ಆ ಪಟ್ಟಿಯನ್ನು ಬಿಟ್ಟು, ಎಲ್ಲ ಬಾಗಿಲುಗಳನ್ನೂ ಕಲಸಿ ಹೊಸದಾಗಿ ತೆಗೆದೆವು.

ಬೀಗ ಹಾಕಿದ ಮನೆಯ ಬಗ್ಗೆ: ಪಕ್ಕದ ಮನೆಗೆ ಹೋಗಬೇಡಿ. ಹಗಲಲ್ಲಿ ಪಕ್ಕದ ಮನೆಯಲ್ಲಿ ಯಾರಾದರೂ ಇದ್ದಾರೆಂದರೆ ಅವರು ಕೂಲಿಗೆ ಹೋಗದವರು, ಅವರ ಉತ್ತರ ಬೇರೆಯೇ. ಮೂರು ಸಲ, ಮೂರು ಬೇರೆ ಹೊತ್ತಿನಲ್ಲಿ ಹೋಗಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕತ್ತಲಾಗುವ ತನಕ ಯಾರೂ ಸಿಗುವುದಿಲ್ಲ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ, ಆ ಸಾಹಸ ಖಂಡಿತ ಬೇಡ. ಭಾನುವಾರ ಬೆಳಿಗ್ಗೆ ಒಳ್ಳೆಯದು. ಮೂರು ಸಲವೂ ಸಿಗದಿದ್ದರೆ ಮಾತ್ರ ಮೀಸಲು ಪಟ್ಟಿಯ ಮುಂದಿನ ಮನೆ.

ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಮನೆಗಳಿಗಲ್ಲ, ಬೆಳೆಗಾರರಿಗೆ ಸಂಬಂಧಿಸಿದ ಸಮೀಕ್ಷೆ ಮಾಡುವವರೂ ಇದನ್ನು ಓದಬಹುದೆಂದು ಬರೆಯುತ್ತಿದ್ದೇನೆ. ಕಾಡಾನೆಯಿಂದಾದ ಬೆಳೆ ನಷ್ಟದ ಒಂದು ಸಮೀಕ್ಷೆಗೆ ಸ್ಥಳೀಯನಾಗಿ ನೆರವಾದೆ. ಪಹಣಿಯಲ್ಲಿರುವ ಹೆಸರುಗಳಿಂದ ಮಾದರಿ ತೆಗೆದಿದ್ದರು. ಬೇರೆ ಜಿಲ್ಲೆಯಲ್ಲಿ ಅದು ಸರಿಹೋಗುತ್ತಿತ್ತೇನೋ. ನಮ್ಮಲ್ಲಿ ಜಮ್ಮಾ ಭೂಮಿ ಇದೆ, ಅಂದರೆ ಒಕ್ಕ ಎಂಬ ಇಡೀ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು. ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಿರುತ್ತದೆ, ಕೆಲವು ಕಡೆ ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ. ನೆಲದಲ್ಲಿ ದುಡಿಯುತ್ತಿರುವವರು ಆ ಒಕ್ಕದ ಆರೋ ಎಂಟೋ ಕುಟುಂಬಗಳು, ಒಬ್ಬೊಬ್ಬರದು ಒಂದೊಂದು ಪಾಲು. ಪಟ್ಟಿಯಲ್ಲಿ ಅವರೆಲ್ಲ ಸೇರಿ ಒಂದು ಸಾಲು. ಪಕ್ಕದಲ್ಲೇ ಬೇರೆ ಬೇರೆ ಸರ್ವೆ ನಂಬರಿನಲ್ಲಿ ಜಮೀನು ಕೊಂಡ ಒಬ್ಬರ ಹೆಸರು ಐದು ಸಲ. ಸಾಲುಗಳನ್ನು ಎಷ್ಟು ಚೆನ್ನಾಗಿ ಕಲಸಿದರೂ ಅವರಿಗೆ ಐದು ಅವಕಾಶ, ಎಂಟು ಕುಟುಂಬಗಳಿಗೆ ಸೇರಿ ಒಂದು.

ಮೊದಲು ‘ನಾನು ಯಾರನ್ನು ಎಣಿಸುತ್ತಿದ್ದೇನೆ’ ಎಂದು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. ಸರ್ವೆ ನಂಬರೇ, ಕುಟುಂಬವೇ, ಒಲೆಯೇ? ಸ್ಪ್ರೆಡ್‌ಶೀಟ್‌ನ ಒಂದು ಸಾಲು ಆ ಒಂದಕ್ಕೆ ಸಮನಾಗಿರಬೇಕು.

ಅನ್ನ ಬೆಂದಿದೆಯೇ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರಲ್ಲ, ಅದು ಒಂದೇ ಉರಿಯಲ್ಲಿ, ಒಂದೇ ನೀರಿನಲ್ಲಿ ಬೆಂದ ಅನ್ನಕ್ಕೆ ಸರಿ. ತೋಟಕ್ಕೆ ಸರಿಯಲ್ಲ. ಮಣ್ಣು ಪರೀಕ್ಷೆಗೆ ಕೊಡುವಾಗ ಗೊಬ್ಬರದ ಗುಂಡಿಯ ಪಕ್ಕದಿಂದ ತೆಗೆಯುವುದಿಲ್ಲ, ಬೇಲಿಯ ಅಂಚಿನಿಂದಲೂ ಇಲ್ಲ. ಇಳಿಜಾರಿನದು ಬೇರೆ, ತಗ್ಗಿನದು ಬೇರೆ ಎಂದು ವಿಂಗಡಿಸುತ್ತೇವೆ. ಒಂದೊಂದರಲ್ಲೂ ಅಂಕುಡೊಂಕಾಗಿ ನಡೆದು ಹಲವು ಕಡೆ ತೆಗೆದು, ಗೋಣಿಯ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ಬೆರೆಸುತ್ತೇವೆ. ಮಡಿಕೇರಿಯವರು ಹೇಳಿದ ಸ್ತರ ಎಂಬ ಪದ ನನಗೆ ಹೊಸದು, ಕೆಲಸ ಹಳೆಯದೇ.

ಗಣಕ ತರಬೇತಿ ನಡೆಸುವವರು, ವಿರಾಜಪೇಟೆ

ಲಿಬ್ರೆ ಆಫೀಸ್ ಬಳಸುವವರಿಗೆ: ಅದರ ಕ್ಯಾಲ್ಕ್‌ನ ಈಚಿನ ಆವೃತ್ತಿಗಳಲ್ಲಿ ರ‍್ಯಾಂಡ್ ಡಾಟ್ ಎನ್‌ವಿ ಎಂಬ ಸೂತ್ರವಿದೆ. ಹಾಳೆಯ ಬೇರೆ ಕಡೆ ಏನು ಬರೆದರೂ ಅದರ ಸಂಖ್ಯೆ ಕದಲುವುದಿಲ್ಲ. ಆದರೂ ವ್ಯಾಲ್ಯೂಸ್ ಆಗಿ ಅಂಟಿಸುವ ಅಭ್ಯಾಸ ಬಿಡಬೇಡಿ. ಡೇಟಾ ಮೆನುವಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಬಲ್ಲಿ ಸ್ಯಾಂಪ್ಲಿಂಗ್ ಎಂಬ ಸಿದ್ಧ ಸಾಧನವೂ ಇದೆ, ಕ್ರಮಸಂಖ್ಯೆಯ ಕಾಲಂ ಮೇಲೆ ಬಳಸಿ. ಎಕ್ಸೆಲ್‌ನ ಡೇಟಾ ಅನಾಲಿಸಿಸ್‌ನಲ್ಲೂ ಸ್ಯಾಂಪ್ಲಿಂಗ್ ಇದೆ, ಆದರೆ ಅದು ಚೀಟಿಯನ್ನು ಹಿಂದಕ್ಕೆ ಹಾಕಿ ತೆಗೆಯುವ ಬಗೆಯದು. ಒಂದೇ ಮನೆ ಎರಡು ಸಲ ಬರಬಹುದು, ನಿಮಗೆ ಬೇಡ.

ನನ್ನ ವಿದ್ಯಾರ್ಥಿಗಳು ಗಾಬರಿಯಾಗುವ ಒಂದು ಜಾಗವಿದೆ. ಗಟ್ಟಿ ಮಾಡದೆ ಸಾರ್ಟ್ ಒತ್ತಿದರೆ ಸಾಲುಗಳು ಕಲಸುತ್ತವೆ, ಆದರೆ ಅದೇ ಕ್ಷಣ ರ‍್ಯಾಂಡ್ ಸಂಖ್ಯೆಗಳೂ ಬದಲಾಗಿ ಕಾಲಂ ಏರುಪೇರಾಗಿ ಕಾಣುತ್ತದೆ. ಸಾರ್ಟ್ ಆಗಲೇ ಇಲ್ಲವೆಂದುಕೊಂಡು ಹತ್ತು ಸಲ ಒತ್ತುತ್ತಾರೆ.

ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಪಟ್ಟಿಯನ್ನು ತಿದ್ದುವುದರಲ್ಲೇ ಹದಿನಾರು ದಿನ ಹೋಯಿತು. ಊರು ಮತ್ತು ಮನೆಸಂಖ್ಯೆ ಸೇರಿಸಿ ನೋಡಿದಾಗ 37 ಸಾಲುಗಳು ಎರಡನೆಯ ಸಲ ಬಂದವು. ಅಂಗಡಿ, ಗೋದಾಮು, ಶಾಲೆ ಎಲ್ಲ ಸೇರಿ 61. ಅವನ್ನು ತೆಗೆದ ಮೇಲೆ 1,086. ಸಿದ್ದಾಪುರದ ಅಕ್ಕ ಹೇಳಿದಂತೆ ಲೈನುಗಳನ್ನು ನೋಡಿದೆ. ಹದಿನಾಲ್ಕು ತೋಟಗಳು ಹದಿನಾಲ್ಕು ಸಾಲುಗಳಾಗಿದ್ದವು. ನಡೆದು ಎಣಿಸಿದಾಗ ಸಿಕ್ಕಿದ್ದು 212 ಬಾಗಿಲು. ಈಗ ಒಟ್ಟು 1,284 ಸಾಲುಗಳು. ಊರಿನ ಮನೆಗಳು 610, ತೋಟದ ನಡುವಿನ ಬಿಡಿ ಮನೆಗಳು 398, ಲೈನ್ ಬಾಗಿಲುಗಳು 212, ಹಾಡಿಯ (ಬುಡಕಟ್ಟು ಜನರ ವಸತಿಯ) ಮನೆಗಳು 64. 120ನ್ನು ಈ ಪ್ರಮಾಣದಲ್ಲಿ ಹಂಚಿದರೆ 57, 37, 20, 6 ಆಗುತ್ತದೆ. ಹಾಗೆಯೇ ಬರೆದಿಟ್ಟು, ಮಾರ್ಗದರ್ಶಕರಿಗೆ ಮೊದಲೇ ಕಳುಹಿಸಿ, ಆಮೇಲೆ ಒಂದೇ ಸಲ ತೆಗೆದೆ. ಅಕ್ಕಪಕ್ಕದ ಮನೆಗಳು ಈ ಸಲವೂ ಬಂದಿವೆ, ಹಾಗೆಯೇ ಬಿಟ್ಟಿದ್ದೇನೆ.

ಒಂದು ಚಿಂತೆ ಉಳಿದಿದೆ. ಹಾಡಿಯಲ್ಲಿ ನೀರಿನ ಪರಿಸ್ಥಿತಿ ಬೇರೆಯೇ ಇದೆ, ತೋಡಿನ (ಹಳ್ಳದ) ನೀರನ್ನೇ ನಂಬಿದ್ದಾರೆ. ಆರು ಮನೆಗಳಿಂದ ಅವರ ಬಗ್ಗೆ ಏನು ಹೇಳಲು ಸಾಧ್ಯ?

ಸಮೀಕ್ಷೆಯ ಕೆಲಸದಿಂದ ನಿವೃತ್ತರಾದವರು, ಮಡಿಕೇರಿ

ಆರರಿಂದ ಏನೂ ಹೇಳಲಾಗದು. ಹಾಡಿಯ ಪಟ್ಟಿಯಲ್ಲಿ ನಿಮ್ಮ ಗಟ್ಟಿಯಾದ ಸಂಖ್ಯೆಗಳ ಕ್ರಮದಲ್ಲೇ ಮುಂದಿನ ಹದಿನಾಲ್ಕು ಮನೆಗಳನ್ನೂ ಸೇರಿಸಿಕೊಂಡು ಇಪ್ಪತ್ತು ಮಾಡಿ. ಹೊಸದಾಗಿ ತೆಗೆಯುವುದು ಬೇಡ. ಒಟ್ಟು 134 ಆಗುತ್ತದೆ, ಎರಡು ದಿನದ ಹೆಚ್ಚಿನ ಓಡಾಟ. ಹಾಡಿಯ ಬಗ್ಗೆ ಪ್ರತ್ಯೇಕವಾಗಿ ಬರೆಯುವಾಗ ಆ ಇಪ್ಪತ್ತನ್ನೂ ಬಳಸಿ. ಇಡೀ ಪಂಚಾಯಿತಿಯ ಲೆಕ್ಕ ಹೇಳುವಾಗ ಮಾತ್ರ ತೂಕ ಕೊಡಬೇಕು. ಹಾಡಿಯ ಒಂದು ಮನೆ ಈಗ 3.2 ಮನೆಗಳ ಪರವಾಗಿ ಮಾತನಾಡುತ್ತದೆ, ಏಕೆಂದರೆ 64ರಲ್ಲಿ 20. ಉಳಿದ ಕಡೆಯ ಒಂದು ಮನೆ 10.7 ಮನೆಗಳ ಪರವಾಗಿ. ನಮೂನೆಗಳನ್ನು ಹಾಳೆಗೆ ತುಂಬುವಾಗ ತೂಕಕ್ಕೆ ಒಂದು ಕಾಲಂ ಇಟ್ಟು ಈ ಸಂಖ್ಯೆಗಳನ್ನು ಬರೆಯಿರಿ. ಹೌದು ಎಂದ ಮನೆಗಳ ತೂಕವನ್ನು ಕೂಡಿಸಿ, ಎಲ್ಲ ತೂಕಗಳ ಮೊತ್ತದಿಂದ ಭಾಗಿಸಿ. ಬರೀ ತಲೆ ಎಣಿಸಿದರೆ ಹಾಡಿಯ ಪಾಲು ಇರುವುದಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಹಾಡಿಗೆ ಹೋಗುವ ಮೊದಲು ಅಲ್ಲಿನ ಹಿರಿಯರನ್ನು ಕಂಡು, ಯಾವ ಮನೆಗಳು ಬಂದಿವೆ, ಉಳಿದವು ಏಕೆ ಬಂದಿಲ್ಲ ಎಂದು ತಿಳಿಸಿ ಹೇಳಿ. ‘ನಮ್ಮ ಮನೆಗೆ ಏಕೆ ಬರಲಿಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಗಟ್ಟಿ ಸಂಖ್ಯೆಗಳ ಹಾಳೆಯನ್ನು ಅವರಿಗೂ ತೋರಿಸಿ. ನಾನು ಹೀಗೆ ತೋರಿಸಿದಾಗ ಒಬ್ಬರು ತಮ್ಮ ಮನೆಯ ಮುಂದಿದ್ದ ಸಂಖ್ಯೆಯ ಮೇಲೆ ಬೆರಳಿಟ್ಟು, ಅದಕ್ಕಿಂತ ಮೇಲಿದ್ದವರ ಹೆಸರುಗಳನ್ನು ಓದಿಸಿ ಕೇಳಿ, ಸರಿ ಎಂದು ಒಳಗೆ ಕರೆದು ಕಾಫಿ ಕೊಟ್ಟರು.

ಕೇಳಿದವರು

ಹಾಗೆಯೇ ಮಾಡುತ್ತೇನೆ ಸರ್. ಹಾಡಿಯ ಇಪ್ಪತ್ತರಲ್ಲಿ ಮೊದಲು ಬಂದಿರುವುದು ತೋಡಿನಾಚೆಯ ಮನೆ. ಮಳೆ ಹಿಡಿದರೆ ದಾಟಲಾಗದು, ಆದ್ದರಿಂದ ಈ ಭಾನುವಾರ ಅಲ್ಲಿಂದಲೇ ಆರಂಭಿಸುತ್ತೇನೆ. ನಮೂನೆಯಲ್ಲಿ ಮೂರು ಭೇಟಿಗಳ ದಿನ ಮತ್ತು ಹೊತ್ತು ಬರೆಯಲು ಜಾಗ ಬಿಟ್ಟಿದ್ದೇನೆ.